ಯುಗಾದಿ ಬಿಟ್ಟ ಮನೆ

ನಾನು ಬೆಳೆದ ಮನೆಯಲ್ಲಿ ಯುಗಾದಿ ಇರಲಿಲ್ಲ. ದೀಪಾವಳಿ ಇತ್ತು, ಸಂಕ್ರಾಂತಿ ಇತ್ತು, ಪಂಚಮಿಗೆ ತಂಬಿಟ್ಟಿನ ಉಂಡೆಯೂ ಜೋಕಾಲಿಯೂ ಇದ್ದವು. ಯುಗಾದಿಯೊಂದೇ ಇರಲಿಲ್ಲ. ಸಾಸ್ವೆಹಳ್ಳಿಗೆ ಎರಡು ಮೈಲಿ ದೂರದಲ್ಲಿ, ಹೊಳೆಗೆ ಹತ್ತಿರವಾಗಿದ್ದ ಊರು ನಮ್ಮದು. ಆ ದಿನ ಬೆಳಗಾದರೆ ಬೀದಿಯ ಎರಡೂ ಬದಿಯ ಬಾಗಿಲುಗಳಿಗೆ ಮಾವಿನೆಲೆಯ ತೋರಣ, ಬೇವಿನ ಟೊಂಗೆ ಏರುತ್ತಿದ್ದವು. ಹಂಡೆ ನೀರು ಕಾದ ಹೊಗೆ, ಹರಳೆಣ್ಣೆಯ ವಾಸನೆ, ಅದರ ಹಿಂದೆಯೇ ಕಡಲೆಬೇಳೆ ಬೆಂದ ವಾಸನೆ. ನಮ್ಮ ಬಾಗಿಲು ಮಾತ್ರ ಬೋಳಾಗಿರುತ್ತಿತ್ತು. ಅಂಗಳಕ್ಕೆ ಸಗಣಿ ನೀರು ಹಾಕಿದರೂ ರಂಗೋಲಿ ಬೀಳುತ್ತಿರಲಿಲ್ಲ. ಒಲೆಯ ಮೇಲೆ ಬಾಣಲೆ ಇಡುವಂತಿರಲಿಲ್ಲ, ತಲೆಗೆ ಎಣ್ಣೆ ಹಚ್ಚುವಂತಿರಲಿಲ್ಲ. ಅವ್ವ ನುಚ್ಚು ಬೇಯಿಸಿ ಮಜ್ಜಿಗೆ ಕಲಸಿ ಕೊಡುತ್ತಿದ್ದಳು. ಪಕ್ಕದ ಮನೆಯವರು ನಮ್ಮನ್ನು ಕಂಡು ಮರುಕಪಟ್ಟು ಹಿತ್ತಿಲ ಬಾಗಿಲಿಂದ ಎರಡು ಹೋಳಿಗೆ ಕೊಟ್ಟರೆ ಅದನ್ನು ಮನೆಯ ಸೂರಿನ ಕೆಳಗೆ ತರುವಂತಿರಲಿಲ್ಲ. ಬಚ್ಚಲ ಹಿಂದಿನ ಬಾಳೆಗಿಡದ ಬುಡದಲ್ಲಿ ನಿಂತು ತಿಂದು, ಕೈ ತೊಳೆದುಕೊಂಡೇ ಒಳಗೆ ಬರಬೇಕು. ಹೋಳಿಗೆ ನನಗೆ ಬಹಳ ವರ್ಷ ನಿಂತುಕೊಂಡು ತಿನ್ನುವ ತಿಂಡಿಯಾಗಿತ್ತು.

ಕಾರಣ ಅಜ್ಜ. ನನಗೆ ಮೂರು ವರ್ಷವಿದ್ದಾಗ, ಯುಗಾದಿಯ ಬೆಳಿಗ್ಗೆ ಎಣ್ಣೆನೀರು ಮುಗಿಸಿ, ಹೊಸ ವರ್ಷದ ಮೊದಲ ಸಾಲು ಹೊಡೆಯಲು ಎತ್ತು ಹೂಡಿಕೊಂಡು ಹೊಲಕ್ಕೆ ಹೋದವನು, ಮೂರನೆಯ ಸಾಲಿನಲ್ಲಿ ನೇಗಿಲ ಮೇಳಿ ಹಿಡಿದ ಕೈ ಬಿಟ್ಟು ಕುಸಿದನಂತೆ. ಹಬ್ಬದ ದಿನ ಮನೆಯವರು ಯಾರಾದರೂ ತೀರಿಕೊಂಡರೆ ಆ ಹಬ್ಬ ಆ ಮನೆಗೆ ಬಿಟ್ಟುಹೋಗುತ್ತದೆ ಎನ್ನುವುದು ನಮ್ಮ ಕಡೆಯ ನಡಾವಳಿ. ಅದು ತಿರುಗಿ ಬರಬೇಕಾದರೆ ಅದೇ ಹಬ್ಬದ ದಿನ, ಅದೇ ಮನೆಯಲ್ಲಿ, ಒಂದು ಕೂಸೋ ಕರುವೋ ಹುಟ್ಟಬೇಕು. ಅಲ್ಲಿಯವರೆಗೆ ಎಷ್ಟು ವರ್ಷವಾದರೂ ಇಲ್ಲ. ಅಜ್ಜಿ ಗಂಡ ಸತ್ತ ದುಃಖವನ್ನು ಹೇಗೋ ನುಂಗಿಕೊಂಡಿದ್ದಳು. ಹಬ್ಬ ಹೋದ ದುಃಖವನ್ನು ನುಂಗಿಕೊಳ್ಳಲು ಆಗಲಿಲ್ಲ. ಆ ಬೆಳಿಗ್ಗೆ ಅಜ್ಜ ಎದೆ ಹಿಡಿದುಕೊಂಡಿದೆ ಎಂದಿದ್ದನಂತೆ, ಒಂದು ಸಾಲು ಹೊಡೆದು ಬಾ ಎಂದು ಕಳಿಸಿದವಳು ಅವಳೇ. ತನ್ನ ಮಾತಿನಿಂದ ಹೋದ ಹಬ್ಬವನ್ನು ತಾನೇ ತಂದು ಮನೆಗೆ ಒಪ್ಪಿಸಿ ಸಾಯಬೇಕೆಂಬುದು ಅವಳ ಹಟ.

ಹೀಗಾಗಿ ನಾನು ಯುಗಾದಿಯನ್ನು ಕಲಿತದ್ದು ಕಣ್ಣಿನಿಂದಲ್ಲ, ಅಜ್ಜಿಯ ಬಾಯಿಂದ. ಬೇಸಿಗೆಯ ಮಧ್ಯಾಹ್ನ ಪಡಸಾಲೆಯ ತಂಪು ನೆಲದ ಮೇಲೆ ನನ್ನನ್ನು ಪಕ್ಕಕ್ಕೆ ಎಳೆದುಕೊಂಡು ಹೇಳುತ್ತಿದ್ದಳು. ಶಾವಿಗೆ ಹೊಸೆಯುವುದು ಹೇಗೆ, ಹೊಸ ಬಟ್ಟೆಗೆ ಮೊದಲು ಅರಿಸಿನ ಹಚ್ಚುವುದು ಎಲ್ಲಿ, ಮರುದಿನ ಸಂಜೆ ಗೆರೆಯಂಥ ಚಂದ್ರನನ್ನು ನೋಡಿ ಯಾರ ಕಾಲಿಗೆ ಮೊದಲು ಬೀಳಬೇಕು, ಎಲ್ಲ. ಬೇವಿನ ಎಲೆ ಹಾಕುವವರನ್ನು ಕಂಡರೆ ಅವಳಿಗಾಗದು. ಹೂವನ್ನೇ ಬಿಡಿಸಬೇಕು, ಬೆಲ್ಲದ ನೀರಿಗೆ ಹುರಿಗಡಲೆ ಪುಡಿ, ಕೊಬ್ಬರಿ ತುರಿ ಹಾಕಿ, ಮೇಲೆ ಆ ಹೂವು ಉದುರಿಸಬೇಕು.

“ಬೆಲ್ಲ ನಾವು ಬೇಡೋದು ಕಣವ್ವ. ಬೇವು ಮ್ಯಾಲಿರೋ ಆತ ಕೊಡೋದು. ಎರಡನ್ನೂ ಒಂದೇ ಬಟ್ಟಲಾಗೆ ಹಾಕಿರ್ತಾನೆ. ಆರಿಸಿ ಕುಡಿಯಾಕೆ ಬರಲ್ಲ.”

ಅದನ್ನೆಲ್ಲ ಕೇಳೀ ಕೇಳೀ ನನಗೆ ಆ ಹಬ್ಬ ಬೇಕೇ ಬೇಕು ಅನ್ನಿಸಿಬಿಟ್ಟಿತ್ತು. ನ್ಯಾಮತಿಯ ಶಾಲೆಯಲ್ಲಿ ಮೇಷ್ಟ್ರಾಗಿದ್ದ ಅಪ್ಪ ವಾರಕ್ಕೊಮ್ಮೆ ಬರುವವರು, ತಮ್ಮ ತಾಯಿಗೆ ಎದುರು ಮಾತಾಡದವರು. ಒಂದು ವರ್ಷ ಅಜ್ಜಿಯ ಒತ್ತಾಯಕ್ಕೆ ಸಂತೇಬೆನ್ನೂರಿನ ಸಂತೆಯಿಂದ ಗಬ್ಬದ ಹಸುವೊಂದನ್ನು ಹೊಡೆಸಿಕೊಂಡು ಬಂದರು. ಅದು ದಿನ ತುಂಬಿ ಅಮಾವಾಸ್ಯೆಯ ಸಂಜೆಗೇ ಈಯಿತು. ಒಂದು ದಿನ ಮುಂಚೆ. ಅಜ್ಜಿ ಕೊಟ್ಟಿಗೆಯ ಗೋದಲಿಗೆ ಒರಗಿ ಕೂತು, ನೆಕ್ಕಿಸಿಕೊಳ್ಳುತ್ತಿದ್ದ ಆ ಕರುವನ್ನು ಯಾವುದೋ ತಪ್ಪು ಮಾಡಿದ ಮಗುವನ್ನು ನೋಡುವಂತೆ ನೋಡುತ್ತಿದ್ದಳು. ಆ ಹಸುವಿನ ಗಿಣ್ಣದ ಹಾಲನ್ನು ಅವಳು ಬಾಯಿಗೂ ಮುಟ್ಟಿಸಲಿಲ್ಲ.

ಚಿಕ್ಕಪ್ಪನಿಗೆ ಮದುವೆಯಾಗಿ ಕೊಟ್ರಮ್ಮ ಬಂದಾಗ ನನಗೆ ಎಂಟು ವರ್ಷ. ಜಗಳೂರು ಕಡೆಯ ಬಿಳಿಚೋಡಿನವಳು, ಕುರಿ ಸಾಕಿದ ಮನೆತನ. ಮಳೆ ನಂಬಿದ ಕೆಂಪು ಹೊಲಗಳಿಂದ ಬಂದವಳಿಗೆ ನಮ್ಮ ಹೊಳೆ, ಕಬ್ಬು, ಭತ್ತ ಎಲ್ಲ ಸೋಜಿಗ. ದೊಡ್ಡ ದನಿ, ಅದಕ್ಕಿಂತ ದೊಡ್ಡ ನಗು. ನಾನು ಅವಳನ್ನು ಚಿಗವ್ವ ಎಂದು ಕರೆಯುತ್ತಿದ್ದೆ. ನನ್ನ ಹೇನು ತೆಗೆದು, ಎರಡು ಜಡೆ ಬಿಗಿದು, ತನ್ನ ಮದುವೆಯ ರೇಷ್ಮೆ ರಿಬ್ಬನ್ನು ಕಟ್ಟುತ್ತಿದ್ದಳು. ಬಂದ ವರ್ಷದ ಯುಗಾದಿಗೆ ಅವಳಿಗೆ ಯಾರೂ ಹೇಳಿರಲಿಲ್ಲ. ಬೆಳಗಿನ ಜಾವ ಎದ್ದು ಅಂಗಳದ ತುಂಬ ರಂಗೋಲಿ ಬಿಟ್ಟಿದ್ದಳು. ನಾನು ಎದ್ದು ಬರುವಷ್ಟರಲ್ಲಿ ಅಜ್ಜಿ ಬಿಂದಿಗೆ ನೀರು ಸುರಿದು, ಪೊರಕೆಯಿಂದ ಅದನ್ನು ಅಳಿಸುತ್ತಿದ್ದಳು. ಚಿಗವ್ವ ಹಿಟ್ಟಿನ ಕೈ ಹಾಗೇ ಹಿಡಿದುಕೊಂಡು ಗೋಡೆಗೆ ಒರಗಿ ನಿಂತಿದ್ದಳು. ಅಜ್ಜಿ ಬೈಯಲಿಲ್ಲ. “ಇದು ನಮಗಿಲ್ಲವ್ವ. ನೀನೇ ತರಬೇಕು” ಎಂದಳು. ಚಿಗವ್ವನಿಗೆ ಅರ್ಥವಾಗಲಿಲ್ಲ. ಅರ್ಥವಾಗಲು ಇನ್ನೊಂದು ವರ್ಷ ಬೇಕಾಯಿತು.

ಅವಳು ಮುಟ್ಟು ನಿಂತು ಬಸುರಿಯಾದಳೆಂದು ತಿಳಿದ ದಿನವೇ ಅಜ್ಜಿ ಬೆರಳು ಮಡಚಿ ತಿಂಗಳು ಎಣಿಸಿದಳು. ಮತ್ತೆ ಎಣಿಸಿದಳು. ಆಮೇಲೆ ದೇವರ ಮುಂದೆ ಬಹಳ ಹೊತ್ತು ಕೂತಳು. ಅಂದಿನಿಂದ ಚಿಗವ್ವನಿಗೆ ಮನೆಯಲ್ಲಿ ರಾಣಿಯ ಉಪಚಾರ. ಬಿಂದಿಗೆ ಎತ್ತುವಂತಿಲ್ಲ, ಒರಳಿನ ಮುಂದೆ ಕೂರುವಂತಿಲ್ಲ. ತುಪ್ಪ ಅವಳ ತಟ್ಟೆಗೇ ಮೊದಲು. ನನಗೂ ಹಿಗ್ಗು. ಅವಳ ಹೊಟ್ಟೆಗೆ ಕಿವಿ ಹಚ್ಚಿ, ಯುಗಾದಿ ದಿನವೇ ಬಾ, ಹಿಂದೆ ಮುಂದೆ ಬರಬೇಡ ಎಂದು ಒಳಗಿದ್ದದ್ದಕ್ಕೆ ಹೇಳುತ್ತಿದ್ದೆ. ಚಿಗವ್ವ ನಗುತ್ತಿದ್ದಳು. ಏಳನೆಯ ತಿಂಗಳಿಗೆ ಅವಳ ತಂದೆ ಬಿಳಿಚೋಡಿನಿಂದ ಮೂರು ಬಸ್ಸು ಬದಲಾಯಿಸಿ ಬಂದರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಹಸಿರು ಸೀರೆಯ ಗಂಟು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕಲ್ಲ, ಮಗಳನ್ನು ಕರೆದೊಯ್ಯಲು ಬಂದಿದ್ದರು. ಅಜ್ಜಿ ಅವರಿಗೆ ಕಾಲಿಗೆ ನೀರು ಕೊಟ್ಟು, ಊಟಕ್ಕಿಟ್ಟು, ಎಲೆ ಅಡಿಕೆ ಮುಂದಿಟ್ಟು, ಕಳಿಸುವುದಿಲ್ಲ ಎಂದಳು.

“ಈ ಮನಿ ಸೂರಿನ ಕೆಳಗೇ ಹುಟ್ಟಬೇಕ್ರಿ ಬೀಗರೇ. ಅಲ್ಲಿ ಹುಟ್ಟಿದ್ರೆ ಕೂಸು ಮಾತ್ರ ಬರ್ತೈತೆ, ಹಬ್ಬ ಬರಲ್ಲ.”

“ಅತ್ತೀ, ಮೊದಲ್ನೇದು. ಕಳಿಸ್ರಿ” ಎಂದು ಅಡುಗೆಮನೆಯ ಬಾಗಿಲಿಂದ ಅವ್ವ ಅಂದಳು. ಅಜ್ಜಿ ಅತ್ತ ತಿರುಗಿಯೂ ನೋಡಲಿಲ್ಲ. ಅಪ್ಪ ನೆಲ ನೋಡುತ್ತಿದ್ದರು. ಚಿಕ್ಕಪ್ಪ ಎದ್ದು ಎತ್ತಿಗೆ ನೀರು ಕುಡಿಸಲು ಹೋದ. ಆ ಮುದುಕರು ಎಲೆಗೆ ಸುಣ್ಣ ಸವರುತ್ತಿದ್ದ ಕೈ ನಿಲ್ಲಿಸಿ ಕೇಳಿದರು:

“ಅಲ್ರವ್ವ, ನಿಮ್ಮ ಮನಿ ಹಬ್ಬ ನನ್ನ ಮಗಳ ಹೊಟ್ಟ್ಯಾಗೆ ಐತೇನು?”

ಮರುದಿನ ಅವರು ಸೀರೆಯನ್ನು ಮಗಳ ಮಡಿಲಿಗೆ ಹಾಕಿ ಒಬ್ಬರೇ ಬಸ್ಸು ಹತ್ತಿದರು. ಚಿಗವ್ವ ಆ ದಿನ ಉಣ್ಣಲಿಲ್ಲ. ಆಮೇಲೆ ನಗುವುದೂ ಕಡಿಮೆಯಾಯಿತು.

ಆ ಸಲದ ಯುಗಾದಿಯ ಬೆಳಿಗ್ಗೆ ಬಿಸಿಲು ಅಂಗಳಕ್ಕೆ ಇಳಿಯುವ ಹೊತ್ತಿಗೆ ಚಿಗವ್ವನಿಗೆ ನೋವು ಶುರುವಾಯಿತು. ಅಜ್ಜಿಯ ಮುಖ ನೋಡಬೇಕಿತ್ತು. ಕಣ್ಣಲ್ಲಿ ನೀರು, ತುಟಿಯಲ್ಲಿ ದೇವರ ಹೆಸರು. ಸೂಲಗಿತ್ತಿ ದುರ್ಗಮ್ಮನನ್ನು ಕರೆಸಿ ನಡುಮನೆಯ ಪಕ್ಕದ ಕೋಣೆಯಲ್ಲಿ ಚಾಪೆ ಹಾಕಿಸಿದಳು. ಅಪ್ಪ ನ್ಯಾಮತಿಯಲ್ಲೇ ಉಳಿದಿದ್ದರು, ಹಬ್ಬವಿಲ್ಲದ ಮನೆಗೆ ಹಬ್ಬದ ರಜೆಯಲ್ಲಿ ಅವರು ಬರುತ್ತಿರಲಿಲ್ಲ. ಚಿಕ್ಕಪ್ಪ ಪ್ರತಿ ವರ್ಷದಂತೆ ಬೀದಿಯ ಸಡಗರ ನೋಡಲಾರದೆ ಹೊಳೆದಂಡೆಯ ಮಾವಿನ ತೋಪಿಗೆ ಹೋಗಿ ಕೂತಿದ್ದ. ಹೆಂಡತಿಗೆ ನೋವು ಬಂದ ಸುದ್ದಿ ಅವನಿಗೆ ಗೊತ್ತಿರಲಿಲ್ಲ. ಹೊತ್ತು ಏರಿತು. ಒಳಗಿನ ನರಳಾಟ ಏರಿತು. ಬಹಳ ಹೊತ್ತಾದ ಮೇಲೆ ದುರ್ಗಮ್ಮ ಬೆವರು ಒರೆಸಿಕೊಳ್ಳುತ್ತ ಹೊರಗೆ ಬಂದು ಅವ್ವನಿಗೂ ಅಜ್ಜಿಗೂ ಹೇಳಿದ್ದು ನನಗೆ ಕೇಳಿಸಿತು.

“ಕೂಸು ಅಡ್ಡ ಐತ್ರವ್ವ. ನನ್ನ ಕೈಲಾಗೋದಲ್ಲ ಇದು. ಹೊನ್ನಾಳಿ ಆಸ್ಪತ್ರೆಗೆ ಒಯ್ರಿ, ತಡ ಮಾಡಬ್ಯಾಡ್ರಿ.”

ಅವ್ವ ನನ್ನ ಭುಜ ಹಿಡಿದು ಬಾಗಿಲ ಕಡೆ ತಳ್ಳಿದಳು. “ನಾಗೀ, ಓಡು. ತೋಪಿನಾಗೆ ನಿಮ್ಮ ಚಿಕ್ಕಪ್ಪ ಇರ್ತಾನೆ. ಸಾಸ್ವೆಹಳ್ಳಿಯಿಂದ ಬಾಡಿಗೆ ಕಾರು ತರಾಕೆ ಹೇಳು.” ಹೇಳಿ ದುರ್ಗಮ್ಮನ ಜೊತೆ ಒಳಗೆ ಹೋದಳು. ನಾನು ಹೊಸ್ತಿಲು ದಾಟುವಷ್ಟರಲ್ಲಿ ಅಜ್ಜಿ ನನ್ನ ಜಡೆ ಹಿಡಿದಳು. ಜೋರಾಗಿ ಅಲ್ಲ, ಮೆಲ್ಲಗೆ.

“ಒಂದು ಗಳಿಗೆ ತಡಿ ನನ್ನವ್ವ. ಹುಟ್ಟಿದ ಮ್ಯಾಲೆ ಹೋಗುವಂತಿ. ಇನ್ನೇನು ಹುಟ್ಟಿಬಿಡ್ತೈತೆ. ಕಾರು ಬಂದ್ರೆ ದಾರ್ಯಾಗೆ ಹುಟ್ಟಿಬಿಡ್ತೈತೆ.”

ಅವಳು ನನ್ನನ್ನು ಕಟ್ಟಿ ಹಾಕಿರಲಿಲ್ಲ, ನಾನು ಕೊಸರಿಕೊಂಡು ಓಡಬಹುದಿತ್ತು. ತೋಪಿಗೆ ಹತ್ತು ನಿಮಿಷದ ದಾರಿ. ನಾನು ಓಡಲಿಲ್ಲ. ಪಡಸಾಲೆಯ ಕಂಬಕ್ಕೆ ಒರಗಿ ಕಾಲು ಚಾಚಿ ಕೂತೆ. ಎದುರು ಮನೆಯಲ್ಲಿ ತೋರಣ, ಹೊಸ ಲಂಗ ಉಟ್ಟ ನನ್ನ ವಾರಿಗೆಯ ಹುಡುಗಿಯರು. ಮುಂದಿನ ವರ್ಷ ನಮಗೂ ಎಂದು ನಾನು ಎಣಿಸುತ್ತಿದ್ದೆ. ಒಳಗೆ ಚಿಗವ್ವ ಕೂಗಿದಾಗಲೆಲ್ಲ ಕಿವಿಗೆ ಬೆರಳಿಟ್ಟುಕೊಳ್ಳುತ್ತಿದ್ದೆ, ತೆಗೆದು ಕೂಸಿನ ಅಳು ಬಂತೇ ಎಂದು ಕೇಳುತ್ತಿದ್ದೆ. ತಾಸು ಕಳೆದಿರಬೇಕು, ಅವ್ವ ಕೋಣೆಯಿಂದ ಹೊರಗೆ ತಲೆ ಹಾಕಿದಳು.

“ಏನಾತೇ? ಎಲ್ಲಿ ಅವನು?”

ಅಜ್ಜಿ ಅಲ್ಲೇ ಇದ್ದಳು. ನನ್ನ ಕಡೆ ನೋಡಿದಳು, ಮಾತಾಡಲಿಲ್ಲ. ಮಾತಾಡಿದವಳು ನಾನು.

“ಹೋಗಿದ್ದೆ ಅವ್ವಾ. ಚಿಕ್ಕಪ್ಪ ಸಿಗಲಿಲ್ಲ.”

ಅವ್ವ ಇನ್ನೇನೋ ಕೇಳಹೊರಟಳು, ಒಳಗಿನಿಂದ ದುರ್ಗಮ್ಮ ಕೂಗಿದಳು, ಹೋದಳು. ಆ ಸುಳ್ಳನ್ನು ಹೇಳಿಕೊಟ್ಟವರು ಯಾರೂ ಇಲ್ಲ. ನನ್ನ ಬಾಯಲ್ಲಿ ಅದು ಸಿದ್ಧವಾಗಿಯೇ ಇತ್ತು. ಮುಂದಿನ ಬದುಕಿನಲ್ಲಿ ನಾನು ಒಳ್ಳೆಯವಳೆಂದು ಯಾರಾದರೂ ಹೊಗಳಿದಾಗಲೆಲ್ಲ ನನಗೆ ನೆನಪಾಗುವುದು ಆ ಒಂದು ಮಾತು, ಅದು ಹೊರಬಿದ್ದ ಸರಾಗ.

ಮಧ್ಯಾಹ್ನ ಇಳಿದ ಮೇಲೆ ಕೂಸು ಹುಟ್ಟಿತು. ದುರ್ಗಮ್ಮ ಅದನ್ನು ಹೇಗೆ ತಿರುಗಿಸಿ ಎಳೆದಳೋ, ಚಿಗವ್ವನ ಕೊನೆಯ ಕೂಗು ಬೀದಿಗೆಲ್ಲ ಕೇಳಿಸಿತು. ಹೆಣ್ಣು ಕೂಸು. ಅತ್ತಿತು, ನಾನು ಕಿವಿಯಾರೆ ಕೇಳಿದೆ. ಬೆಕ್ಕಿನ ಮರಿಯಂಥ ಸಣ್ಣ ದನಿ, ಎರಡು ಸಲ. ಅಜ್ಜಿ ಹಿತ್ತಾಳೆ ತಟ್ಟೆ ಹಿಡಿದು ಅಂಗಳಕ್ಕೆ ಓಡಿಬಂದು ಸೌಟಿನಿಂದ ಬಡಿದಳು. ನೆರೆಯವರ ಮಾವಿನ ಟೊಂಗೆಯೊಂದನ್ನು ಕಿತ್ತು ತಂದು ನಮ್ಮ ಬಾಗಿಲಿಗೆ ಸಿಕ್ಕಿಸಿದಳು. “ಬಂತು, ಹಬ್ಬ ಬಂತು” ಎಂದು ಅಳುತ್ತ ನಗುತ್ತಿದ್ದಳು. ಆಗಲೇ ಚಿಕ್ಕಪ್ಪ ಊಟಕ್ಕೆಂದು ತಾನಾಗಿ ಮನೆಗೆ ಬಂದ. ಒಳಗೆ ಹೋದವನು ಹಾಗೇ ಹೊರಬಿದ್ದು ಸೈಕಲ್ಲು ತುಳಿದ. ಕಾರು ಬಂದಾಗ ಚಿಗವ್ವನಿಗೆ ಎಚ್ಚರವಿರಲಿಲ್ಲ, ಚಾಪೆ ಪೂರ್ತಿ ತೊಯ್ದಿತ್ತು. ಕೂಸಿನ ತುಟಿ ನೇರಳೆಯಾಗಿತ್ತು. ಅವ್ವ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಹಿಂದಿನ ಸೀಟಿಗೆ ಹತ್ತಿದಳು. ಹೊನ್ನಾಳಿ ಇನ್ನೂ ಎರಡು ಮೈಲಿ ಇರುವಾಗ ಕೂಸಿನ ಉಸಿರು ನಿಂತಿತಂತೆ. ಅವ್ವ ಯಾರಿಗೂ ಹೇಳದೆ ಆಸ್ಪತ್ರೆಯವರೆಗೂ ಅದನ್ನು ಎದೆಗೊತ್ತಿಕೊಂಡೇ ಕೂತಿದ್ದಳಂತೆ.

ಚಿಕ್ಕಪ್ಪ ಅದನ್ನು ಬಿಳಿ ಪಂಚೆಯಲ್ಲಿ ಸುತ್ತಿ ತಂದು ಹೊಲದ ಬದುವಿನ ಹೊಂಗೆ ಮರದ ಕೆಳಗೆ ಮಣ್ಣು ಮಾಡಿದ. ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದು ಚಿಗವ್ವ ಬದುಕಿ ಬಂದಳು, ಇನ್ನು ಮಕ್ಕಳಾಗುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಎದೆಯ ಹಾಲು ನಿಲ್ಲಲೆಂದು ಅವ್ವ ದಿನಾ ಮಲ್ಲಿಗೆ ಹೂವು ತಂದು ಅವಳ ಎದೆಗೆ ಬಟ್ಟೆ ಸುತ್ತಿ ಕಟ್ಟುತ್ತಿದ್ದಳು. ಬೇಸಿಗೆಯ ಸೆಕೆಗೆ ಬಾಡಿದ ಮಲ್ಲಿಗೆಯೂ ಹುಳಿಯಾದ ಹಾಲೂ ಬೆರೆತ ವಾಸನೆ ಆ ಕೋಣೆಯಲ್ಲಿ ಬಹಳ ದಿನ ಇತ್ತು. ನಾನು ಆ ಬಾಗಿಲ ಮುಂದೆ ಹಾಯುವಾಗ ಉಸಿರು ಹಿಡಿದುಕೊಂಡು ಓಡುತ್ತಿದ್ದೆ. ಜಡೆ ಹಾಕಿಸಿಕೊಳ್ಳಲು ಅವಳ ಬಳಿಗೆ ಹೋಗುವುದನ್ನು ಬಿಟ್ಟೆ. ಅವಳೂ ಕರೆಯಲಿಲ್ಲ. ಅವಳ ತಂದೆ ಮತ್ತೆ ಬಂದರು, ಕರೆದರು. ಅವಳೇ ಹೋಗಲಿಲ್ಲ. ಅಲ್ಲಿ ಹೋಗಿ ಯಾರಿಗೆ ಏನಂತ ಹೇಳಲಿ ಎಂದಳಂತೆ.

ಮುಂದಿನ ಯುಗಾದಿ ಹತ್ತಿರ ಬಂದಾಗ ಮನೆಯಲ್ಲಿ ಪ್ರಶ್ನೆ ಎದ್ದಿತು. ಹಬ್ಬದ ದಿನ ಹುಟ್ಟಿದ್ದೂ ಆಯಿತು, ಸತ್ತದ್ದೂ ಆಯಿತು. ಹಬ್ಬ ಬಂದಿತೋ, ಮತ್ತೆ ಹೋಯಿತೋ? ಅಜ್ಜನ ತಮ್ಮ, ನಾವು ಸಣ್ಣಜ್ಜ ಎನ್ನುತ್ತಿದ್ದವರು, ಆಚೆ ಬೀದಿಯಲ್ಲಿದ್ದರು. ಮನೆತನಕ್ಕೆ ಅವರೇ ಹಿರಿಯರು. ಅಜ್ಜಿ ಕರೆಸಿದಳು. ಅವರು ನಶ್ಯ ಏರಿಸಿಕೊಂಡು ಬಹಳ ಯೋಚಿಸಿ ಹೇಳಿದರು:

“ಹುಟ್ಟಿದ್ದು ಹುಟ್ಟಿದ್ದೇ. ಈ ಮನ್ಯಾಗೇ ಹುಟ್ಟಿತು, ಅತ್ತಿತು. ಇನ್ನು ಹೆಸರಿಡದ ಕೂಸು, ತೊಟ್ಟಿಲು ಕಾಣದ ಕೂಸು. ಅದರದ್ದು ಸಾವು ಅಂತ ಲೆಕ್ಕಕ್ಕೆ ಬರಲ್ಲ. ಹಬ್ಬ ಮಾಡ್ರಿ.”

ಚಿಗವ್ವ ಅಡುಗೆಮನೆಯಲ್ಲಿ ಜೋಳ ಕೇರುತ್ತಿದ್ದಳು. ಮೊರದ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ಹಬ್ಬ ಆಯಿತು. ಎಂಟು ವರ್ಷದ ಬಾಕಿಯೆಲ್ಲ ಒಂದೇ ದಿನಕ್ಕೆ ತೀರಿಸುವಂತೆ ಆಯಿತು. ಅಪ್ಪ ನ್ಯಾಮತಿಯಿಂದ ಎಲ್ಲರಿಗೂ ಬಟ್ಟೆ ತಂದರು, ನನಗೆ ಕೆಂಪು ಲಂಗ. ಬಾಗಿಲಿಗೆ ತೋರಣ, ಅಂಗಳದಲ್ಲಿ ರಂಗೋಲಿ, ತಲೆಗೆ ಎಣ್ಣೆ. ಹೂರಣ ರುಬ್ಬಿದವಳು, ಕಣಕ ನಾದಿದವಳು, ಹೆಂಚಿನ ಮುಂದೆ ಕೂತು ಹೋಳಿಗೆ ಬೇಯಿಸಿದವಳು ಚಿಗವ್ವ. ಯಾರು ಬೇಡವೆಂದರೂ ಕೇಳಲಿಲ್ಲ. ಸಣ್ಣಜ್ಜನೂ ಬಂದು ಕೂತ ಮೇಲೆ ಅಜ್ಜಿ ದೇವರ ಮುಂದಿನಿಂದ ಬೇವು ಬೆಲ್ಲದ ಬಟ್ಟಲು ತಂದು ಒಬ್ಬೊಬ್ಬರಿಗೇ ಕೊಟ್ಟಳು. ಕೊನೆಗೆ ಸೊಸೆಯನ್ನು ಕರೆದಳು. ಚಿಗವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಎದುರು ನಿಂತಳು. ಕೈ ಚಾಚಲಿಲ್ಲ.

“ಅತ್ತೀ, ನನ್ನ ಮಗಳು ಸತ್ತದ್ದೂ ಇವತ್ತೇ ಅಲ್ಲೇನ್ರಿ?”

ದನಿ ಏರಿಸಿರಲಿಲ್ಲ. ಗೊತ್ತಿಲ್ಲದ್ದನ್ನು ಕೇಳುವಂತೆ ಕೇಳಿದಳು. ಸಣ್ಣಜ್ಜ ಕೆಮ್ಮಿದರು. ಚಿಕ್ಕಪ್ಪ ಎದ್ದು ಹೊರಗೆ ಹೋದ. ಅಜ್ಜಿಯ ಕೈಯ ಬಟ್ಟಲು ಓರೆಯಾಗಿ ಒಂದಿಷ್ಟು ಅವಳ ಹೊಸ ಸೀರೆಯ ಮೇಲೆ ಚೆಲ್ಲಿತು. ಚಿಗವ್ವ ತಾನೇ ಮುಂದೆ ಬಂದು ಆ ಬಟ್ಟಲನ್ನು ಅವಳ ಕೈಯಿಂದ ಬಿಡಿಸಿಕೊಂಡು, ತಳದ ಹೂವು ಸಮೇತ ಕುಡಿದು, ಬರಿದಾದ ಬಟ್ಟಲನ್ನು ನೆಲಕ್ಕಿಟ್ಟು ಒಳಗೆ ಹೋದಳು. ಆ ಮೇಲೆ ಅಜ್ಜಿ ನಾಲ್ಕು ಯುಗಾದಿ ಬದುಕಿದ್ದಳು. ಹಬ್ಬ ತಪ್ಪದೆ ಆಗುತ್ತಿತ್ತು, ಅವಳು ಮಾತ್ರ ಆ ದಿನ ಜ್ವರವೆಂದು ಹೊದ್ದು ಮಲಗಿರುತ್ತಿದ್ದಳು. ಮುಟ್ಟಿ ನೋಡಿದರೆ ಮೈ ತಣ್ಣಗಿರುತ್ತಿತ್ತು.

ನಾನು ಚಿಗವ್ವನ ಹಿಂದೆಯೇ ಅಡುಗೆಮನೆಗೆ ಹೋದೆ. ಅವಳು ಹೆಂಚಿನ ಮುಂದೆ ಕೂತಿದ್ದಳು. ಒಂದು ವರ್ಷದಿಂದ ಮುಚ್ಚಿಟ್ಟುಕೊಂಡಿದ್ದನ್ನು ಹೇಳಿಬಿಡಬೇಕೆಂದು ಹೋಗಿದ್ದೆ. ಹೇಗೆ ಹೇಳುವುದೆಂದು ತಿಳಿಯದೆ ಬಾಗಿಲಲ್ಲೇ ನಿಂತು ಗೋಡೆಯ ಸುಣ್ಣ ಕೆರೆದೆ.

“ಚಿಗವ್ವಾ, ಅವತ್ತು ನಾನು ತೋಪಿಗೆ ಹೋಗೇ ಇರಲಿಲ್ಲ.”

ಅವಳು ಹೋಳಿಗೆ ಮಗುಚಿದಳು. ತುಪ್ಪ ಸವರಿದಳು.

“ಗೊತ್ತು. ಕೋಣಿ ಬಾಗಿಲ ಸಂದ್ಯಾಗೆ ನಿನ್ನ ಕಾಲು ಕಾಣ್ತಿದ್ವು. ಅಲ್ಲೇ ಚಾಚ್ಕೊಂಡು ಕುಂತಿದ್ದಿ.”

ನನಗೆ ಅಳು ಬಂತು. ಅವಳು ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ಮುಖ ನನ್ನ ಕಡೆ ತಿರುಗಿಸಲೇ ಇಲ್ಲ. ತಟ್ಟೆಗೆ ಎರಡು ಹೋಳಿಗೆ ಹಾಕಿ, ಹಾಲು ಬಿಟ್ಟು, ನೆಲದ ಮೇಲೆ ನನ್ನ ಕಡೆಗೆ ಸರಿಸಿದಳು.

“ಕುಂತ್ಕೊಂಡು ಉಣ್ಣು. ಆರಿ ಹೋಗ್ತೈತೆ.”

ನಾನು ಕೂತೆ. ಮೂಗು ಒರೆಸಿಕೊಳ್ಳುತ್ತ ಮುರಿದು ಬಾಯಿಗಿಟ್ಟುಕೊಂಡೆ. ಈಗ ಚನ್ನಗಿರಿಯ ನನ್ನ ಮನೆಯಲ್ಲಿ ಪ್ರತಿ ಯುಗಾದಿಗೆ ಹೋಳಿಗೆಯಾಗುತ್ತದೆ, ಸೊಸೆ ಚೆನ್ನಾಗಿಯೇ ಮಾಡುತ್ತಾಳೆ. ಆದರೆ ನಮ್ಮ ಸೂರಿನ ಕೆಳಗೆ ಮೊದಲ ಸಲ ಕೂತು ತಿಂದ ಆ ಹೋಳಿಗೆಯಷ್ಟು ರುಚಿಯಾದದ್ದನ್ನು ನಾನು ಮತ್ತೆ ತಿಂದಿಲ್ಲ. ಎರಡನ್ನೂ ಮುಗಿಸಿದೆ. ಅವಳು ಇನ್ನೊಂದು ಹಾಕಿದಳು. ಅದನ್ನೂ ತಿಂದೆ.